ಹಿಂದಿನ ಬೆಂಚಿನಲ್ಲಿ ಒಬ್ಬರು

ಎರಡು ಅರ್ಜಿಗಳು ಮನೆಗೆ ಬಂದ ದಿನದಿಂದ ಆ ಮನೆಯಲ್ಲಿ ಯಾರಿಗೂ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಎರಡೂ ಗುಬ್ಬಿಯವು. ಗುಬ್ಬಿ ಮನೆಯ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಇಟ್ಟ ಅಡ್ಡಹೆಸರು, ಡಿಗ್ರಿ ಮುಗಿಸಿ ಇಪ್ಪತ್ತೆರಡಕ್ಕೆ ಕಾಲಿಟ್ಟರೂ ಅವಳನ್ನು ಬಿಟ್ಟಿರಲಿಲ್ಲ. ಅವಳಿಗೆ ಟೀಚರ್ ಆಗಬೇಕಿತ್ತು. ಅದಕ್ಕೆ ಯಾರದ್ದೂ ತಕರಾರಿಲ್ಲ. ತಕರಾರು ಇದ್ದದ್ದು ದಾರಿಯ ಬಗ್ಗೆ. ಒಂದು ಅರ್ಜಿ ತರಬೇತಿ ಕಾಲೇಜಿನದು: ರೈಲಿನಲ್ಲಿ ಒಂದು ಹಗಲಿನ ಪ್ರಯಾಣ, ಎರಡು ವರ್ಷ ಹಾಸ್ಟೆಲ್ ವಾಸ. ಇನ್ನೊಂದು ನಾಲ್ಕು ಬೀದಿ ಆಚೆಯ ಖಾಸಗಿ ಶಾಲೆಯದು: ಐದು ದಿನ ಹಿರಿಯ ಟೀಚರ್ ಒಬ್ಬರ ಕೈಕೆಳಗೆ ಕೆಲಸ, ಶನಿವಾರ ತರಗತಿ, ಮೂರು ವರ್ಷದ ಕೊನೆಗೆ ಪರೀಕ್ಷೆ. ಸರ್ಟಿಫಿಕೇಟು ಎರಡು ಕಡೆಯೂ ಒಂದೇ.

"ಕೊನೆಗೆ ಸೇರೋ ಊರು ಒಂದೇ ಆದ್ಮೇಲೆ ಸುತ್ತು ದಾರಿ ಯಾಕೆ?" ಅಂದಳು ಸೊಸೆ, ಅನ್ನ ಬಡಿಸುತ್ತ. ಗುಬ್ಬಿಯ ತಾಯಿ ಅವಳು. ಇಪ್ಪತ್ತನಾಲ್ಕು ವರ್ಷದಿಂದ ಬೀದಿಗೆಲ್ಲ ಅವಳು ಮೇಷ್ಟ್ರ ಸೊಸೆ. ಹೆಸರು ಹಿಡಿದು ಕರೆಯುವವರೇ ಕಡಿಮೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನಕ್ಕೆ ನಾನ್ನೂರು ಹಾಸುಬಟ್ಟೆಯನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಡುವುದು ಅವಳ ಕೆಲಸ. ಬೆರಳ ತುದಿಗಳು ಸುಟ್ಟು ಸುಟ್ಟು ನುಣ್ಣಗಾಗಿದ್ದವು.

"ಅದು ಸುತ್ತು ದಾರಿ ಅಲ್ಲ, ಸರಿಯಾದ ದಾರಿ," ಅಂದರು ಮೇಷ್ಟ್ರು. ಅವಳ ಮಾವ. ಮೂವತ್ತೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಂದಾದ ಎಡಗಾಲಿನ ಹುಣ್ಣು ಮಾಯದೆ, ಆ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಇಟ್ಟುಕೊಂಡೇ ಊಟ ಮಾಡುತ್ತಿದ್ದರು. "ಮೊದಲು ಕಾಲೇಜಲ್ಲಿ ಕಲೀಬೇಕು, ಆಮೇಲೆ ಮಕ್ಕಳ ಮುಂದೆ ನಿಲ್ಲಬೇಕು. ಹಜಾಮ ಕೂಡ ಕಲಿಯೋವಾಗ ಕಂಡೋರ ಮಕ್ಕಳ ತಲೆ ಹಿಡಿಯಲ್ಲ."

"ಶಾಲೇಲಿದ್ರೆ ಮೊದಲನೇ ದಿನದಿಂದಲೇ ಮಕ್ಕಳ ಜೊತೆ ಇರ್ತೀನಿ ತಾತ," ಅಂದಳು ಗುಬ್ಬಿ. "ಪುಸ್ತಕದಲ್ಲಿ ಈಜು ಕಲಿಯೋಕಾಗುತ್ತಾ?"

"ನಿನಗೇನೋ ಈಜು. ಮುಳುಗೋದು ಯಾರು?"

"ಹೋಗ್ಲಿ ಬಿಡಿ ಮಾವ, ಮನೆ ಹತ್ರ ಇರ್ತಾಳೆ..." ಎಂದು ಸೊಸೆ ಶುರುಮಾಡಿದಳು.

ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಿದರು. "ನೇರವಾಗಿ ಕೇಳ್ತೀನಿ ಕಣಮ್ಮ. ನಿನಗೆ ಬೇಕಿರೋದು ಮಗಳ ಓದಾ, ಸಂಜೆ ಅಡುಗೆಗೆ ಒಂದು ಆಳಾ?"

ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಗೆ ತಾಗಿ ಟಣ್ ಎಂದಿತು. "ನಾನು ಆರು ಗಂಟೆಗೆ ಹೋಗಿ ಆರು ಗಂಟೆಗೆ ಬರೋಳು. ನಿಮ್ಮ ಮಗ ಬೆಳಗಿನ ಜಾವ ಬಸ್ ಹತ್ತಿದ್ರೆ ಬರೋ ಹೊತ್ತು ಅವರಿಗೇ ಗೊತ್ತಿಲ್ಲ. ನಿಮ್ಮ ಕಾಲಿನ ಪಟ್ಟಿ ಬಿಚ್ಚಿ, ತೊಳೆದು, ಮುಲಾಮು ಹಚ್ಚೋದು ಯಾರು? ನೀವೇ ಹೇಳಿ ಮಾವ, ಆ ಆಳು ಯಾರಿಗೆ ಬೇಕು?"

ಬಸ್ ಓಡಿಸುವ ಡ್ರೈವರು, ಅಂದರೆ ಸೊಸೆಯ ಗಂಡ, ಅಪ್ಪನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿ, "ಉಪ್ಪು ಕೊಡಿ," ಅಂದ. ಆ ಮನೆಯ ಜಗಳಗಳಲ್ಲಿ ಅವನ ಪಾಲು ಅಷ್ಟೇ.

ಖಾಸಗಿ ಶಾಲೆಯ ಹೆಡ್‌ಮಿಸ್ ತಿಳಿದವರು. "ಮೊದಲು ಹದಿನೈದು ದಿನ ಬಂದು ನೋಡಮ್ಮ, ಆಮೇಲೆ ಸಹಿ ಮಾಡು," ಎಂದಿದ್ದರು. ಕಾಲೇಜಿನ ಅರ್ಜಿಗೆ ತಿಂಗಳ ಕೊನೆಯವರೆಗೆ ಸಮಯವಿತ್ತು. ಹಾಗಾಗಿ ಗುಬ್ಬಿ ಮುಂದಿನ ಸೋಮವಾರವೇ ಕೂದಲು ಬಿಗಿದು ಕಟ್ಟಿಕೊಂಡು ಹೊರಟಳು.

ಮೊದಲ ವಾರ ಮನೆಯಲ್ಲಿ ಹಬ್ಬದ ಕಳೆ. ಎರಡನೇ ತರಗತಿಯ ನಲವತ್ತೆಂಟು ಮಕ್ಕಳ ಕಥೆ ನಲವತ್ತೆಂಟು ಬಗೆ. ಒಬ್ಬನಿಗೆ ಹಲ್ಲು ಬಿದ್ದಿತ್ತು, ಇನ್ನೊಬ್ಬಳು ದಿನವೂ ಬೂಟು ಅದಲುಬದಲು ಹಾಕಿಕೊಂಡು ಬರುತ್ತಿದ್ದಳು. ಸೊಸೆ ಕೆಲಸದಿಂದ ಬರುವಷ್ಟರಲ್ಲಿ ಅನ್ನ ಆಗಿರುತ್ತಿತ್ತು, ಮಾವನ ಕಾಲಿಗೆ ಹೊಸ ಪಟ್ಟಿ ಕಟ್ಟಿರುತ್ತಿತ್ತು. ಚಹಾದ ಲೋಟ ಹಿಡಿದು ಅವಳು ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅಂಥ ಹತ್ತು ನಿಮಿಷ ಅವಳಿಗೆ ಸಿಕ್ಕಿದ್ದೇ ಅಪರೂಪ.

"ನಿನ್ನ ಕ್ಲಾಸಿನ ದೊಡ್ಡ ಮಿಸ್ ಹೇಗೆ ಹೇಳಿಕೊಡ್ತಾರೆ?" ಎಂದು ಮೇಷ್ಟ್ರು ಒಂದು ಸಂಜೆ ಕೇಳಿದರು.

"ಚೆನ್ನಾಗಿ ಹೇಳ್ಕೊಡ್ತಾರೆ ತಾತ. ಇರುವಾಗ."

"ಇರುವಾಗ ಅಂದ್ರೆ?"

"ಮೂರು ಜನ ಟೀಚರ್ ಕೆಲಸ ಬಿಟ್ಟು ಹೋಗಿದ್ದಾರಂತೆ. ಅದಕ್ಕೆ ಪಾಪ ಅವರು ಪಕ್ಕದ ಕ್ಲಾಸಿಗೂ ಓಡಬೇಕು. ನಾನು ಸಂಭಾಳಿಸ್ತೀನಿ."

ಮೇಷ್ಟ್ರು "ಹೂಂ" ಅಂದರು. ಆ ಹೂಂಕಾರ ಸೊಸೆಗೆ ಹಿಡಿಸಲಿಲ್ಲ. ಹುಡುಗಿ ಸಂತೋಷವಾಗಿರುವುದು ಇವರ ಕಣ್ಣಿಗೆ ಬೀಳುವುದಿಲ್ಲವಲ್ಲ ಅಂದುಕೊಂಡಳು.

ಎರಡನೇ ವಾರದ ಗುರುವಾರ ಸೊಸೆ ಮನೆಗೆ ಬಂದಾಗ ಒಲೆ ತಣ್ಣಗಿತ್ತು. ಗುಬ್ಬಿ ಅಡುಗೆಮನೆಯ ಮಣೆಯ ಮೇಲೆ, ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು.

"ಏನಾಯ್ತೇ? ಕೈ ಸುಟ್ಕೊಂಡ್ಯಾ?"

ಗುಬ್ಬಿ ಇಲ್ಲವೆಂದು ತಲೆಯಾಡಿಸಿದಳು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಸೊಸೆ ಅಕ್ಕಿ ತೊಳೆದು ಇಟ್ಟಳು, ಮೊಟ್ಟೆ ಬೇಯಿಸಿದಳು, ಮಾವನನ್ನು ಕರೆದಳು. ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆ ಗುಬ್ಬಿಯೇ ಹೇಳಿದಳು.

"ಇವತ್ತು ಒಂದು ಮಗೂಗೆ ಹೊಡೆದೆ."

ಡ್ರೈವರ ಕೈ ತುತ್ತಿನ ಮೇಲೆ ನಿಂತಿತು.

"ಬೆಳಗ್ಗೆಯಿಂದ ಮಿಸ್ ಇರ್ಲಿಲ್ಲ. ಮೂರು ಪೀರಿಯಡ್ಡು ನಾನೊಬ್ಬಳೇ. ಗಲಾಟೆ ಅಂದ್ರೆ ಗಲಾಟೆ. ಪಕ್ಕದ ಕ್ಲಾಸಿನ ಸರ್ ಬಾಗಿಲಿಗೆ ಬಂದು, 'ಏನಮ್ಮಾ, ಸಂತೆ ಕೂಡಿಸಿದ್ದೀಯಾ?' ಅಂತ ಎಲ್ರ ಮುಂದೆ ನಕ್ಕರು. ಮೂರನೇ ಬೆಂಚಲ್ಲಿ ಒಂದು ಹುಡುಗಿ ಪೆನ್ಸಿಲ್ ಡಬ್ಬಿ ಬಡೀತಾನೇ ಇದ್ದಳು. ಮೂರು ಸಲ ಹೇಳ್ದೆ. ಆಮೇಲೆ ಸ್ಕೇಲ್ ತಗೊಂಡು ಬೆರಳ ಗೆಣ್ಣಿನ ಮೇಲೆ ಹೊಡೆದೆ. ಸ್ಕೇಲ್ ಅಡ್ಡ ಹಿಡಿದು. ಅಂಚಲ್ಲಿ." ಗುಬ್ಬಿ ಬಲಗೈಯನ್ನು ಮತ್ತೆ ತೊಡೆಯ ಕೆಳಗೆ ತಳ್ಳಿದಳು. "ಅವಳು ಅಳಲೂ ಇಲ್ಲ ಅಮ್ಮ. ಕೈನ ಬೆಂಚಿನ ಕೆಳಗೆ ಬಚ್ಚಿಟ್ಕೊಂಡಳು. ಕ್ಲಾಸು ಎಷ್ಟು ಸುಮ್ಮನಾಯ್ತು ಗೊತ್ತಾ? ಒಂದು ನಿಮಿಷ ನನಗೆ ಖುಷಿಯಾಯ್ತು."

"ಆಯ್ತು ಬಿಡು, ಒಂದೇಟು," ಅಂದಳು ಸೊಸೆ. ಮಗಳ ಮುಖ ನೋಡಲಾಗದೆ ಅಂದ ಮಾತು. "ನಾವೆಲ್ಲ ಏಟು ತಿಂದೇ ಬೆಳೆದವರಲ್ವಾ? ಕೈಕಾಲು ಮುರಿದಿದ್ಯಾ?"

"ಸುಮ್ಮನಿರಮ್ಮ," ಅಂದರು ಮೇಷ್ಟ್ರು.

ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕುರ್ಚಿಯ ಮೇಲಿದ್ದ ಕಾಲನ್ನು ಕೆಳಗಿಳಿಸಿದರು. ನೋವಿಗೆ ಮುಖ ಹಿಂಡಿತು. ನೆಟ್ಟಗೆ ಕೂತು ಮಾತಾಡಿದರು.

"ನನಗೆ ಕೆಲಸ ಸಿಕ್ಕಾಗ ಇಪ್ಪತ್ತೊಂದು ವರ್ಷ. ತರಬೇತಿ ಗಿರಬೇತಿ ಏನೂ ಇಲ್ಲ. ಹೋಗು, ಕಲಿಸು, ಕಾಲೇಜಿಗೆ ಆಮೇಲೆ ಕಳಿಸ್ತೀವಿ ಅಂದ್ರು. ಒಂದೇ ಕೋಣೆ, ಅರವತ್ತೆರಡು ಮಕ್ಕಳು. ಮೂರನೇ ತಿಂಗಳು, ಒಂದು ಹುಡುಗಿ ನಾನು ಬೋರ್ಡ್ ಕಡೆ ತಿರುಗಿದಾಗ ನಕ್ಕಳು. ಯಾಕೆ ನಕ್ಕಳೋ, ಇವತ್ತಿಗೂ ಗೊತ್ತಿಲ್ಲ. ಕೆನ್ನೆಗೆ ಹೊಡೆದೆ. ಕೆನ್ನೆಗೆ ಅಂತ ಎತ್ತಿದ ಕೈ ಕಿವಿ ಮೇಲೆ ಬಿತ್ತು. ರಕ್ತ ಬಂತು. ಆಮೇಲೆ ಕೀವು. ಎಡಗಿವಿ ಹೋಯ್ತು."

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಮಾರನೇ ದಿನ ಅವಳಪ್ಪ ಬಂದ. ಹೊಡೀತಾನೆ ಅಂದ್ಕೊಂಡೆ. ಹೊಡೆದಿದ್ರೆ ಚೆನ್ನಾಗಿತ್ತು. ಅವನು ಕೈ ಮುಗಿದು, 'ನನ್ನ ಮಗಳಿಂದ ನಿಮಗೆ ಬೇಜಾರಾಯ್ತು, ಕ್ಷಮಿಸಬೇಕು' ಅಂದ." ಮೇಷ್ಟ್ರು ನೀರಿನ ಲೋಟ ಎತ್ತಿದರು, ಕುಡಿಯದೆ ಇಟ್ಟರು. "ಮೊದಲು ಕಲಿತು ಆಮೇಲೆ ಹೋಗು ಅಂತ ಯಾಕೆ ಬಡ್ಕೋತಿದ್ದೆ ಅಂತ ಈಗ ಗೊತ್ತಾಯ್ತಲ್ಲ."

"ಆ ಹುಡುಗಿ ಏನಾದ್ಲು ತಾತ?"

"ಇದ್ದಾಳೆ. ನಿಮ್ಮಮ್ಮ ಹಿಟ್ಟು ಬೀಸಿಸೋ ಗಿರಣಿ ಇದೆಯಲ್ಲ, ಅದರ ಯಜಮಾನಿ."

ಆ ಹೆಂಗಸನ್ನು ಸೊಸೆ ಹದಿನೈದು ವರ್ಷದಿಂದ ಬಲ್ಲಳು. ಮಾತಾಡುವಾಗ ಆ ಹೆಂಗಸು ಮುಖವನ್ನು ಒಂದು ಮಗ್ಗುಲಿಗೆ ತಿರುಗಿಸುತ್ತಿದ್ದಳು. ಅದು ಅವಳ ಠೀವಿ ಎಂದು ಸೊಸೆ ಅಂದುಕೊಂಡಿದ್ದಳು.

"ಒಂದು ದಿನವಾದ್ರೂ ಹೋಗಿ ಮಾತಾಡಿಸಿದ್ದೀರಾ ಅಪ್ಪ?" ಡ್ರೈವರು ಕೇಳಿದ. ಆ ರಾತ್ರಿ ಅವನಾಡಿದ ಒಂದೇ ಮಾತು.

ಮೇಷ್ಟ್ರು ತಲೆಯಾಡಿಸಿದರು. ಇಲ್ಲ.

ಶುಕ್ರವಾರ ಗುಬ್ಬಿ ಶಾಲೆಗೆ ಹೋಗಲಿಲ್ಲ, ಹೊಟ್ಟೆನೋವು ಅಂದಳು. ಶನಿವಾರ ಬೆಳಗ್ಗೆ ಮೇಷ್ಟ್ರು ಒಗೆದ ಅಂಗಿ ಹಾಕಿಕೊಂಡು ಹೊಸ್ತಿಲ ಬಳಿ ನಿಂತಿದ್ದರು. ಸೊಸೆಗೆ ಅಂದು ರಜೆ. "ನನ್ನನ್ನ ಗಿರಣಿ ತನಕ ಕರ್ಕೊಂಡು ಹೋಗಮ್ಮ. ಒಬ್ಬನೇ ಹೊರಟ್ರೆ ಅರ್ಧ ದಾರಿಗೆ ವಾಪಸ್ ಬಂದ್ಬಿಡ್ತೀನಿ."

ಬಸ್ಸಿನಲ್ಲಿ ಎರಡು ಸ್ಟಾಪು, ಆಮೇಲೆ ಒಂದಿಷ್ಟು ನಡಿಗೆ. ಅಷ್ಟಕ್ಕೇ ಮೇಷ್ಟ್ರು ಮೂರು ಕಡೆ ನಿಂತರು. ಗಿರಣಿ ಭರದಿಂದ ಓಡುತ್ತಿತ್ತು. ಗೋಡೆ, ತಕ್ಕಡಿ, ಯಜಮಾನಿಯ ಹುಬ್ಬು ಎಲ್ಲ ಹಿಟ್ಟಿನಲ್ಲಿ ಬೆಳ್ಳಗಾಗಿದ್ದವು. ಅರವತ್ತರ ಆ ಹೆಂಗಸು ಮೇಷ್ಟ್ರನ್ನು ನೋಡಿದಳು. ಯಾರು ಎಂದು ಕೇಳಲಿಲ್ಲ.

"ಬಲಗಡೆಗೆ ಬನ್ನಿ," ಎಂದು ಕೂಗಿದಳು. "ಕಾಳು ತಂದಿದ್ದೀರಾ?"

"ಇಲ್ಲಮ್ಮ. ಒಂದು ಮಾತು ಹೇಳೋಕೆ ಬಂದೆ."

ಅವಳು ಸ್ವಿಚ್ಚು ಕೆಳಗೆ ಎಳೆದಳು. ಗಿರಣಿಯ ಬೆಲ್ಟು ಪಟಪಟ ಬಡಿದು ನಿಂತಿತು. "ಹೇಳಿ. ಜನ ಕಾಯ್ತಾ ಇದ್ದಾರೆ."

ಮೇಷ್ಟ್ರು ಹೇಳಿದರು. ಸುತ್ತಿಬಳಸದೆ, ನೆಪ ಹೂಡದೆ ಹೇಳಿದರು. ಸೊಸೆ ನೆಲ ನೋಡುತ್ತ ನಿಂತಿದ್ದಳು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಹಿಂದಕ್ಕೆ ಸರಿದರು.

"ಕಿವಿದು ಬಿಡಿ," ಅಂದಳು ಯಜಮಾನಿ. "ಈ ಗಿರಣಿಲಿ ಎರಡು ಕಿವಿ ಇರೋರೂ ಕಿವುಡ್ರೇ. ನಾನು ಬೇರೆ ಒಂದು ಕೇಳ್ತೀನಿ. ಅದಾದ್ಮೇಲೆ ಮೂರು ವರ್ಷ ಅದೇ ಕೋಣೇಲಿ ನಿಮ್ಮ ಮುಂದೆ ಕೂತಿದ್ದೆ. ಒಂದೇ ಒಂದು ಸಲ ನನ್ನನ್ನ ಎಬ್ಬಿಸಿ ಪ್ರಶ್ನೆ ಕೇಳಿದ್ರಾ?"

ಮೇಷ್ಟ್ರು ತಕ್ಕಡಿಯ ಅಂಚನ್ನು ಹಿಡಿದುಕೊಂಡರು.

"ಕೈ ಎತ್ತುತಿದ್ದೆ. ಉತ್ತರ ಗೊತ್ತಿರ್ತಿತ್ತು. ನಿಮ್ಮ ಕಣ್ಣು ನನ್ನನ್ನ ದಾಟಿ ಹಿಂದಿನ ಬೆಂಚಿಗೆ ಹೋಗ್ತಿತ್ತು. ಕಿವಿ ಹೋಯ್ತು ಅಂತ ಊರೋರು ಅಂದ್ರು. ಬುದ್ಧೀನೂ ಹೋಯ್ತೇನೋ ಅಂತ ನಾನೇ ಅಂದ್ಕೊಂಡೆ. ಸ್ಕೂಲ್ ಬಿಟ್ಟೆ."

"ನಿನ್ನ ಮುಖ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಕಣಮ್ಮ."

"ಸರಿ, ನಿಮ್ಮ ಕೈಲಿ ಆಗ್ಲಿಲ್ಲ. ಅನುಭವಿಸಿದ್ದು ಯಾರು?"

ಮೇಷ್ಟ್ರು ಎರಡೂ ಕೈ ಜೋಡಿಸಿದರು. "ತಪ್ಪಾಯ್ತು."

"ಐವತ್ತು ವರ್ಷದ ಮೇಲೆ ಹೇಳಿದ್ದೀರಿ. ಕೇಳಿಸ್ಕೊಂಡೆ. ಅದರ ಮೇಲೆ ಇನ್ನೇನು ಹೇಳ್ಬೇಕೋ ನನಗೆ ತಿಳಿಯಲ್ಲ." ಅವಳು ಸೊಸೆಯ ಕಡೆ ತಿರುಗಿದಳು. "ಈಗ್ಯಾಕೆ ನೆನಪಾಯ್ತು ಇವರಿಗೆ?"

ಸೊಸೆ ಮಗಳ ವಿಷಯ ಹೇಳಿದಳು. ಹೇಳಬೇಕೋ ಬೇಡವೋ ಎಂದು ಯೋಚಿಸಲಿಲ್ಲ, ಬಾಯಿಗೆ ಬಂತು. ಎರಡು ಅರ್ಜಿ, ಸ್ಕೇಲು, ನಲವತ್ತೆಂಟು ಮಕ್ಕಳು.

ಯಜಮಾನಿ ತಕ್ಕಡಿಯ ಮೇಲಿನ ಹಿಟ್ಟನ್ನು ಅಂಗೈಯಿಂದ ಒರೆಸಿದಳು. "ಕಾಲೇಜೋ ಶಾಲೆಯೋ ನನಗೇನು ಗೊತ್ತಮ್ಮ, ನಾನು ಓದಿದೋಳಲ್ಲ. ಒಂದು ಗೊತ್ತು. ಅವತ್ತು ಆ ಕೋಣೇಲಿ ಹಿಂದುಗಡೆ ಇನ್ನೊಬ್ರು ದೊಡ್ಡೋರು ಕೂತಿದ್ದಿದ್ರೆ, ಇವರ ಕೈ ಮೇಲೇಳ್ತಿರ್ಲಿಲ್ಲ. ಎದ್ದಿದ್ರೂ, ಮಾರನೇ ದಿನ ನನ್ನನ್ನ ಪ್ರಶ್ನೆ ಕೇಳಿ ಅಂತ ಹೇಳೋಕೆ ಒಬ್ರು ಇರ್ತಿದ್ರು. ನಿನ್ನ ಮಗಳನ್ನ ಎಲ್ಲಿಗಾದ್ರೂ ಕಳಿಸು. ಒಬ್ಬಳನ್ನೇ ಬಿಡಬೇಡ."

ಅಷ್ಟು ಹೇಳಿ ಸ್ವಿಚ್ಚು ಹಾಕಿದಳು. ಮುಂದಿನ ಮಾತು ಯಾರದ್ದೂ ಯಾರಿಗೂ ಕೇಳಿಸುವಂತಿರಲಿಲ್ಲ.

ಮೇಷ್ಟ್ರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗುಬ್ಬಿಯನ್ನು ಕರೆದರು. "ಸೋಮವಾರ ಹೋಗು. ತಪ್ಪಾಯ್ತು ಅಂತ ಆ ಮಗೂಗೆ ಹೇಳು, ಎಲ್ಲ ಮಕ್ಕಳ ಎದುರಿಗೇ ಹೇಳು. ಅವಳ ಮನೇಗೂ ಹೋಗಿ ಹೇಳು. ಆಮೇಲೆ ಅವಳನ್ನ ದಾಟಿ ಹೋಗ್ಬೇಡ. ಮಂಗಳವಾರ ಅವಳಿಗೇ ಪ್ರಶ್ನೆ ಕೇಳು. ಇಷ್ಟು ವರ್ಷ ಪಾಠ ಹೇಳಿ ನನಗೆ ಗೊತ್ತಿಲ್ಲದೇ ಇದ್ದಿದ್ದು ಇದು. ಇವತ್ತು ಕಲಿತು ಬಂದೆ."

ಸೋಮವಾರ ಗುಬ್ಬಿ ಹೋದಳು. ಮಗುವಿನ ತಾಯಿ ಬಾಗಿಲಲ್ಲೇ ನಿಲ್ಲಿಸಿ, ಬಾಯಿಗೆ ಬಂದಂತೆ ಬೈದಳಂತೆ. ಗುಬ್ಬಿ ಬೈಸಿಕೊಂಡು ಬಂದಳು. ಮಂಗಳವಾರ ಊಟಕ್ಕೆ ಕೂತಾಗ ಮೇಷ್ಟ್ರು ಮೊದಲ ತುತ್ತಿಗೇ ಕೇಳಿದರು.

"ಕೇಳಿದ್ಯಾ?"

"ಕೇಳ್ದೆ. ಏಳು ಎಂಟು ಕೂಡಿದ್ರೆ ಎಷ್ಟು ಅಂತ."

"ಏನಂದ್ಲು?"

"ಸುಮ್ಮನೆ ನಿಂತಳು. ನನ್ನ ಕೈನೇ ನೋಡ್ತಿದ್ದಳು ತಾತ. ಕೈ ಹಿಂದೆ ಕಟ್ಕೊಂಡೆ. ಆಮೇಲೆ ಹದಿನಾಲ್ಕು ಅಂದ್ಲು. ಇನ್ನೊಂದ್ಸಲ ಎಣಿಸು ಅಂದೆ. ಊದಿದ ಬೆರಳಲ್ಲೇ ಎಣಿಸಿದ್ಲು." ಗುಬ್ಬಿ ತಟ್ಟೆ ನೋಡುತ್ತ ಹೇಳಿದಳು. "ಹದಿನೈದು ಅಂದ್ಲು."

ಮೇಷ್ಟ್ರು ಅನ್ನ ಕಲಸಿದರು, ಮತ್ತೆ ಕಲಸಿದರು. ಬಾಯಿಗಿಡಲು ತಡವಾಯಿತು.

ಅದೇ ದಿನ ಗುಬ್ಬಿ ಹೆಡ್‌ಮಿಸ್ ಹತ್ತಿರ ನೇರವಾಗಿ ಕೇಳಿದ್ದಳು: ದೊಡ್ಡ ಮಿಸ್ ಕ್ಲಾಸಿನಲ್ಲೇ ಇರುತ್ತಾರಾ? "ನಿನಗೆ ಸುಳ್ಳು ಹೇಳಲ್ಲಮ್ಮ," ಎಂದಿದ್ದರು ಅವರು. "ಇರಿಸೋಕೆ ನೋಡ್ತೀನಿ. ಜನ ಇಲ್ಲ. ಮಾತು ಕೊಡೋಕಾಗಲ್ಲ."

"ಹಂಗಾದ್ರೆ ಕಾಲೇಜಿಗೆ ಹೋಗ್ತೀಯಾ?" ಎಂದ ಡ್ರೈವರು.

ಗುಬ್ಬಿ ಅಮ್ಮನ ಮುಖ ನೋಡಿದಳು. "ಇಲ್ಲೇ ಇರ್ತೀನಿ ಅಪ್ಪ. ಇನ್ಮೇಲೆ ಹುಷಾರಾಗಿರ್ತೀನಿ. ಅಮ್ಮಂಗೂ ಕಷ್ಟ."

ಸೊಸೆ ಹೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಸಂಜೆಯ ಅನ್ನ, ಮಾವನ ಪಟ್ಟಿ, ಚಹಾದ ಹತ್ತು ನಿಮಿಷ, ಎಲ್ಲ ಅವಳ ಕೈಯೊಳಗೇ ಇತ್ತು.

ಮರುದಿನ ಉರುಳೆಯ ಮುಂದೆ ಅವಳ ಜೊತೆಗಾತಿ ಎರಡು ಸಲ ಕೂಗಿದಳು, "ಅಕ್ಕಾ, ಅಂಚು ಮಡಚ್ಕೋತಿದೆ ನೋಡು!" ಹಾಸುಬಟ್ಟೆ ಸೊಟ್ಟಗೆ ಒಳಹೋಗಿ ಸುಕ್ಕಾಗಿ ಹೊರಬಂತು. ಸೊಸೆ ಸೂಪರ್‌ವೈಸರ ಹತ್ತಿರ ಹೋಗಿ, ಆಫೀಸಿನ ಫೋನು ಬೇಕು ಅಂದಳು. ಅರ್ಜಿಯ ತುದಿಯಲ್ಲಿದ್ದ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಆ ಕಡೆ ಕಾಲೇಜಿನ ಗುಮಾಸ್ತ.

"ಹಾಸ್ಟೆಲ್ ವಿಷಯನಾ, ಫೀಸ್ ವಿಷಯನಾ?"

"ಎರಡೂ ಅಲ್ಲ ಸ್ವಾಮಿ. ನನ್ನ ಮಗಳು ಮಕ್ಕಳಿಗೆ ಪಾಠ ಮಾಡುವಾಗ ಹಿಂದೆ ಯಾರಾದ್ರೂ ಕೂತಿರ್ತಾರಾ?"

ಇಂಥ ಪ್ರಶ್ನೆಯನ್ನು ಗುಮಾಸ್ತನಿಗೆ ಯಾರೂ ಕೇಳಿರಲಿಲ್ಲವೇನೋ. "ಇರ್ತಾರಮ್ಮ. ಎರಡನೇ ತಿಂಗಳಿಂದ ಪಕ್ಕದ ಶಾಲೆಗೆ ಪಾಠಕ್ಕೆ ಕಳಿಸ್ತೀವಿ. ಪ್ರತಿ ಸಲ ಲೆಕ್ಚರರ್ ಒಬ್ರು ಹಿಂದಿನ ಬೆಂಚಲ್ಲಿ ಕೂತು ತಪ್ಪು ಬರ್ಕೋತಾರೆ. ಹುಡುಗೀರು ಅತ್ಕೊಂಡು ಬರ್ತಾರೆ, ನೋಡಿ."

"ಅಳಲಿ," ಅಂದಳು ಸೊಸೆ.

ಆ ಸಂಜೆ ಅವಳೇ ಕಾಲೇಜಿನ ಅರ್ಜಿ ತೆಗೆದು ಮೇಜಿನ ಮೇಲೆ ಹರವಿ, ಪೋಷಕರ ಸಹಿಯ ಜಾಗದಲ್ಲಿ ಸಹಿ ಹಾಕಿ, ಗಂಡನ ಮುಂದೆ ತಳ್ಳಿದಳು.

"ಅಮ್ಮಾ, ನೀನು..."

"ನನ್ನ ಕಷ್ಟದ ಲೆಕ್ಕ ನೀನು ಇಟ್ಕೋಬೇಡ. ಹೋಗು."

"ಅಡುಗೆ?"

"ನಿಮ್ಮಪ್ಪನ ರಜೆ ದಿನ ನಿಮ್ಮಪ್ಪ ಮಾಡ್ತಾರೆ. ಉಪ್ಪು ಎಲ್ಲಿದೆ ಅಂತ ಅವರಿಗೆ ಗೊತ್ತೇ ಇದೆ."

ಡ್ರೈವರು ನಕ್ಕ. ಎಷ್ಟೋ ದಿನದ ಮೇಲೆ ಆ ಮೇಜಿನ ಸುತ್ತ ಒಬ್ಬರು ನಕ್ಕಿದ್ದು. ಮೇಷ್ಟ್ರು ಮಾತ್ರ ಸೊಸೆಯನ್ನೇ ನೋಡುತ್ತಿದ್ದರು. "ಅವತ್ತು ನಿನಗೆ ಆಳು ಬೇಕಾ ಅಂದೆನಲ್ಲಮ್ಮ..."

"ನೀವು ಸುಳ್ಳೇನೂ ಹೇಳ್ಲಿಲ್ಲ ಮಾವ," ಅಂದಳು ಅವಳು. "ಬಿಡಿ, ಊಟ ಆರುತ್ತೆ."

ಗುಬ್ಬಿ ಹೋದಳು. ಮನೆ ಸುಲಭವಾಗಲಿಲ್ಲ. ಅನ್ನ ಸೀದ ದಿನ ಉಂಟು, ಬೇಯದ ದಿನವೂ ಉಂಟು. ಮೇಷ್ಟ್ರು ಹುಣ್ಣು ತೊಳೆದು ಪಟ್ಟಿ ಕಟ್ಟುವುದನ್ನು ತಾವೇ ಕಲಿತರು. ಮೊದಮೊದಲು ಗಂಟು ಬಿಚ್ಚಿಹೋಗಿ ಪಟ್ಟಿ ಮನೆಯುದ್ದಕ್ಕೂ ಹಿಂದೆ ಎಳೆದುಕೊಂಡು ಬರುತ್ತಿತ್ತು. ಸೊಸೆ ಆರಕ್ಕೆ ಬಂದು ಏಳೂವರೆಯ ತನಕ ಕೂರದೆ ದುಡಿದಳು. ಒಂದೆರಡು ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ಅತ್ತದ್ದೂ ಉಂಟು. ಹಿಟ್ಟಿಗೆ ಗಿರಣಿಗೆ ಹೋದಾಗ ಯಜಮಾನಿಯ ಬಲಗಡೆಗೆ ಹೋಗಿ ನಿಲ್ಲುತ್ತಿದ್ದಳು. ಯಜಮಾನಿ ಮೇಷ್ಟ್ರ ಸುದ್ದಿ ಎತ್ತಲಿಲ್ಲ, ಒಮ್ಮೆ ಮಾತ್ರ, "ಹುಡುಗಿ ಎಲ್ಲಿಗೆ ಹೋದ್ಲು?" ಎಂದು ಕೇಳಿ, ಉತ್ತರ ಕೇಳಿ ಸರಿ ಎಂಬಂತೆ ತಲೆಯಾಡಿಸಿದಳು.

ಎರಡನೇ ತಿಂಗಳ ಒಂದು ಸಂಜೆ ಫೋನು ಬಂತು. ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಮೇಷ್ಟ್ರು ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಜೋರು ಮಾಡಿದರು.

"ತಾತ, ಇವತ್ತು ನನ್ನ ಮೊದಲನೇ ಪಾಠ. ಮೇಡಂ ಹಿಂದೆ ಕೂತು ಬರೀತಾನೇ ಇದ್ರು. ಆಮೇಲೆ ಚೀಟಿ ಕೊಟ್ರು." ಹುಡುಗಿಯ ದನಿ ನಗುತ್ತಿದೆಯೋ ಅಳುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. "ಹನ್ನೊಂದು ತಪ್ಪು ತಾತ. ಒಂದೇ ಪೀರಿಯಡ್ಡಲ್ಲಿ ಹನ್ನೊಂದು!"

ಮೇಷ್ಟ್ರು ಫೋನಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು.

"ನಂದು ಯಾರೂ ಎಣಿಸ್ಲಿಲ್ಲ ಕಣೇ," ಅಂದರು.

ಸೊಸೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತಳು.

"ಓದು," ಅಂದರು ಮೇಷ್ಟ್ರು ಫೋನಿನ ಕಡೆ ಬಾಗಿ. "ಮೊದಲನೇದರಿಂದ ಓದು. ಅವಸರ ಮಾಡ್ಬೇಡ, ನಿಧಾನಕ್ಕೆ ಓದು. ನಿಮ್ಮಮ್ಮನೂ ಕೇಳ್ತಾಳೆ."